ಬಣ್ಣ ಆಮೇಲೆ ಬಳಿಸು

ಮನೆ ನೋಡಲು ಬಂದವನು ನಿನ್ನ ಮನೆಯೊಳಗೆ ಇರುವುದು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು. ಅದೇ ಮನೆಯ ಬಗ್ಗೆ ಅವನು ಊರೊಳಗೆ ವಿಚಾರಿಸುವುದು ವಾರಗಟ್ಟಲೆ. ಓಣಿಯ ಕಿರಾಣಿ ಅಂಗಡಿಯಲ್ಲಿ ಕೇಳುತ್ತಾನೆ, ಹಿಟ್ಟಿನ ಗಿರಣಿಯ ಮುಂದೆ ನಿಂತವರನ್ನು ಕೇಳುತ್ತಾನೆ, ಮಗ್ಗುಲ ಮನೆಯವರನ್ನಂತೂ ಕೇಳಿಯೇ ಕೇಳುತ್ತಾನೆ. "ಮನಿ ಹೆಂಗೈತ್ರಿ?" ಎಂದಲ್ಲ, "ಯಾಕ ಮಾರಾಕತ್ತಾರ್ರಿ?" ಎಂದು. ಆದ್ದರಿಂದ ತಮ್ಮಾ, ಪುಣೆಯಿಂದಲೋ ಬೆಂಗಳೂರಿನಿಂದಲೋ ನಾಲ್ಕು ದಿನ ರಜೆ ಹಾಕಿ ಬಂದವನು ಪೇಂಟರನ ಮನೆ ಹುಡುಕಿಕೊಂಡು ಹೋಗುವ ಮೊದಲು ನನ್ನ ಮಾತು ಸ್ವಲ್ಪ ಕೇಳು. ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಮನೆಯ ವ್ಯವಹಾರ ಕುದುರುವುದೂ ಮುರಿಯುವುದೂ ಗೋಡೆಯಿಂದಲ್ಲ, ಗೋಡೆಯ ಸುತ್ತಲಿನ ಮಂದಿಯಿಂದ.

ಮೊದಲು ಅಣಿಯಾಗಬೇಕಾದದ್ದು ಪಡಸಾಲೆಯಲ್ಲ, ನಿನ್ನ ಅಕ್ಕತಂಗಿಯರು. ಉಪನೋಂದಣಿ ಕಚೇರಿಯ ಎದುರಿಗೆ ಕುಳಿತು ಖರೀದಿ ಪತ್ರ ಬರೆದು ಹೊಟ್ಟೆ ಹೊರೆದವನು ನಾನು. ಸೋರುವ ಮಾಳಿಗೆಯಿಂದ ಮುರಿದ ವ್ಯವಹಾರ ಕಡಿಮೆ ನೋಡಿದ್ದೇನೆ, ಒಬ್ಬ ತಂಗಿಯ ಸಹಿ ಸಿಗದೆ ಮುರಿದದ್ದು ಬಹಳ. ಹುಡುಗರೆಲ್ಲ ಹೇಳುವುದು ಒಂದೇ ಮಾತು: "ಅಕ್ಕಾರ ಮದಿವ್ಯಾಗ ಎಲ್ಲಾ ಕೊಟ್ಟೇವ್ರಿ, ಅವರೇನ ಅನ್ನೂದಿಲ್ಲ." ಅವರು ಅನ್ನುವುದಿಲ್ಲ, ನಿಜ. ಕಾಯ್ದೆ ಅನ್ನುತ್ತದೆ. ಹಿರಿಯರಿಂದ ಬಂದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂದು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂತು. ಆ ತಿದ್ದುಪಡಿಯ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಅಪ್ಪನೇ ದುಡಿದು ಕಟ್ಟಿಸಿದ ಮನೆಯಾಗಿದ್ದು, ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದರೆ ಅವ್ವನಿಗೂ ಹೆಣ್ಣುಮಕ್ಕಳಿಗೂ ನಿನ್ನಷ್ಟೇ ಪಾಲು. ಇದು 1956ರ ಕಾಯ್ದೆಯಲ್ಲೇ ಇದೆ. ಮುಸಲ್ಮಾನರ ಮನೆಗಳಲ್ಲಂತೂ ಮಗಳ ಪಾಲು ಮೊದಲಿಂದಲೂ ಇದ್ದದ್ದೇ. ಕೊಳ್ಳುವವನು ಈಗ ಇದನ್ನೆಲ್ಲ ತಿಳಿದೇ ಬರುತ್ತಾನೆ. ಚಪ್ಪಲಿ ಮೆಟ್ಟಿಕೊಳ್ಳುತ್ತ, ಏನೋ ನೆನಪಾದವನ ಹಾಗೆ, "ಅಕ್ಕಾರೆಲ್ಲ ಒಪ್ಯಾರಿಲ್ರಿ?" ಎನ್ನುತ್ತಾನೆ. ಆಗ ನೀನು ತಡವರಿಸಿದರೆ ಅವನು ಮತ್ತೆ ಬರುವುದಿಲ್ಲ.

ಈ ಮಾತನ್ನು ಫೋನಿನಲ್ಲಿ ಮುಗಿಸಬೇಡ. ಪಂಚಮಿಗೆ ಅವರು ತವರಿಗೆ ಬಂದಾಗ ಕೂಡಿಸಿ ಮಾತಾಡು. ಅದೇ ಮನೆಯ ಜಂತಿಗೆ ಜೋಕಾಲಿ ಕಟ್ಟಿ ಆಡಿದವರು ಅವರು. ಮನೆ ಮಾರುತ್ತೇವೆಂದು ಮಂದಿಯ ಬಾಯಿಂದ ತಿಳಿದರೆ ಹಣದ ಮಾತಿಗಿಂತ ಮೊದಲು ಸಿಟ್ಟು ಬರುತ್ತದೆ. ಪಾಲು ಎಷ್ಟು, ಯಾವಾಗ, ಕಡಿಮೆಯೆಂದರೆ ಎಷ್ಟಕ್ಕೆ ಕೊಡುವುದು, ಅಲ್ಲಿಯೇ ತೀರ್ಮಾನಿಸು. ತಂಗಿಯೊಬ್ಬಳು ಪರದೇಶದಲ್ಲಿದ್ದರೆ ಅಲ್ಲಿಯ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಮುಖತ್ಯಾರ ಪತ್ರ ಬರಬೇಕು, ಅದಕ್ಕೆ ಕಾಲ ಹಿಡಿಯುತ್ತದೆ. ಗಿರಾಕಿ ಬಂದ ಮೇಲೆ ಶುರು ಮಾಡಿದರೆ ತಡವಾಗುತ್ತದೆ.

ಸಾಮಾನು ಖಾಲಿ ಮಾಡುವ ಕೆಲಸವೂ ಅದೇ ಪಂಚಮಿಯಲ್ಲೇ ಆಗಿಬಿಡಲಿ. ಅಟ್ಟದ ಮೇಲಿನ ತಾಮ್ರದ ಹಂಡೆ, ಒರಳು, ಬೀಸುಕಲ್ಲು, ಅವ್ವನ ಕೌದಿಗಳು, ಯಾರಿಗೆ ಯಾವುದು ಬೇಕೋ ಒಯ್ಯಲಿ. ಉಳಿದದ್ದನ್ನು ಗುಜರಿಗೆ ಕೊಡು. ನಮ್ಮ ಹಳೆಯ ಮನೆಗಳ ಖಣಗಳು ಮೊದಲೇ ಇಕ್ಕಟ್ಟು. ಕಂಬದಿಂದ ಕಂಬಕ್ಕೆ ಸಾಮಾನು ತುಂಬಿದರೆ ಎಂಟು ಖಣದ ಮನೆ ಆರು ಖಣದ್ದಾಗಿ ಕಾಣುತ್ತದೆ. ಹೊಸ ಸೋಫಾ ತಂದಿಡುವುದಕ್ಕಿಂತ ಹಳೆಯ ಪೆಟ್ಟಿಗೆ ಹೊರಗೆ ಹಾಕುವುದು ಒಳ್ಳೆಯದು.

ಪೆಟ್ಟಿಗೆ ಹೊರಗೆ ಹಾಕುವ ಮೊದಲು ಮಾತ್ರ ತಳದವರೆಗೆ ನೋಡು. ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ ಎರಡೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಸಂಸ್ಥಾನಗಳು. ಅಂದಿನ ಕಾಗದಗಳು ಮರಾಠಿಯಲ್ಲಿ, ಎಷ್ಟೋ ಸಲ ಮೋಡಿ ಲಿಪಿಯಲ್ಲಿ ಇರುತ್ತವೆ. ಓದಲು ಬರುವುದಿಲ್ಲವೆಂದು ಮಕ್ಕಳು ಅವನ್ನು ರದ್ದಿಗೆ ಹಾಕಿದ್ದನ್ನು ಕಂಡು ಕೈ ಕೈ ಹಿಸುಕಿಕೊಂಡಿದ್ದೇನೆ. ಮೋಡಿ ಓದುವವರು ಈಗ ಬೆರಳೆಣಿಕೆಯಷ್ಟು, ಆದರೂ ಇದ್ದಾರೆ. ಓದಿಸು, ಕನ್ನಡಕ್ಕೆ ಇಳಿಸಿ ಇಟ್ಟುಕೋ. ಪ್ರತಿಸಲ ಅದು ಬೇಕಾಗುತ್ತದೆಂದಲ್ಲ. ಮಗ್ಗುಲಿನವರ ಜೊತೆ ಹಾದಿಯ ತಕರಾರು ಬಂದಾಗ ಆ ಒಂದೇ ಕಾಗದ ಮಾತಾಡುತ್ತದೆ.

ಈಗಿನ ಕಾಗದಗಳ ಮಾತು ಚಿಕ್ಕದು. ಸಿಟಿ ಸರ್ವೇ ಉತಾರ, ನಗರಸಭೆಯ ಇ-ಖಾತಾ, ಹಳ್ಳಿಯಾದರೆ ಇ-ಸ್ವತ್ತಿನ ನಮೂನೆ, ಋಣಭಾರ ಪ್ರಮಾಣಪತ್ರ, ತೆರಿಗೆ ಕಟ್ಟಿದ ರಸೀದಿ. ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ವಾರಸಾ ಮಾಡಿಸದೆ ಯಾರಿಗೂ ಮನೆ ತೋರಿಸಬೇಡ. ಸೊಸಾಯಿಟಿಯ ಸಾಲ ತೀರಿಸಿ ವರ್ಷಗಳಾಗಿದ್ದರೂ ಬೋಜಾ ಹಾಗೇ ನಿಂತಿರುತ್ತದೆ. ತೀರಿಸಿದವರು ರಸೀದಿ ಜೇಬಿಗಿಟ್ಟು ಮನೆಗೆ ಬಂದರು, ಉತಾರದಿಂದ ಅದನ್ನು ತೆಗೆಸಲಿಲ್ಲ. ನೋಡಲು ಬಂದವರಿಗೆಲ್ಲ ಝೆರಾಕ್ಸ್ ಹಂಚಬೇಡ. ಕೊಡಲೇಬೇಕಾದರೆ ಅದರ ಮೇಲೆ ಅಡ್ಡಲಾಗಿ "ಪರಿಶೀಲನೆಗೆ ಮಾತ್ರ" ಎಂದು, ಯಾರಿಗೆ ಕೊಟ್ಟದ್ದು, ಯಾವ ದಿನ ಎಂದು ಬರೆದು ಕೊಡು. ಮೂಲ ಪತ್ರ ಮನೆಯಲ್ಲೇ ಇರಲಿ, ಆದರೆ ಮನೆ ತೋರಿಸುವ ದಿನ ಆ ಮನೆಯಲ್ಲಿ ಬೇಡ.

ಇನ್ನು ಟೇಪು ಹಿಡಿದು ಅಳತೆ ಮಾಡು. ಉತಾರದ ಅಳತೆಗೂ ನೆಲದ ಅಳತೆಗೂ ಅರ್ಧ ಅಡಿ ವ್ಯತ್ಯಾಸ ಬಂದೇ ಬರುತ್ತದೆ. ಎರಡು ಅಡಿ ಬಂದರೆ ಕಾರಣ ಹುಡುಕು. ಹಳೆಯ ಓಣಿಗಳಲ್ಲಿ ತಲಬಾಗಿಲಿನ ಮುಂದಿನ ಕಟ್ಟೆ ಬಹುಪಾಲು ನಗರಸಭೆಯ ಜಾಗ. ಮೂರು ತಲೆಮಾರು ಕುಳಿತು ಹರಟೆ ಹೊಡೆದಿದ್ದೇವೆ ನಿಜ, ಆದರೆ ಕಾಗದದಲ್ಲಿ ಅದಿಲ್ಲ. ಇದನ್ನು ನೀನೇ ಮೊದಲು ಹೇಳು. ಮಗ್ಗುಲ ಮನೆಯ ಜೊತೆಗಿನ ಸಾಮಾಯಿಕ ಗೋಡೆ ಯಾರದು, ಅವರ ಬಚ್ಚಲ ನೀರು ನಿಮ್ಮ ಹಿತ್ತಲಲ್ಲಿ ಹಾಯುತ್ತದೆಯೋ, ಚಕ್ಕುಬಂದಿಯಲ್ಲಿ ಬರೆದ ಹೆಸರಿನವರು ಈಗಲೂ ಅಲ್ಲಿದ್ದಾರೋ, ನೋಡಿಕೋ. ಆಮೇಲೆ ಮಗ್ಗುಲಿನವರ ಮನೆಗೆ ಹೋಗಿ, "ಕಾಕಾ, ಮನಿ ಮಾರಬೇಕಂತ ಮಾಡೇವಿ, ನಿಮಗೇನರ ಬೇಕಾಗಿತ್ತೇನ್ರಿ?" ಎಂದು ಮೊದಲು ಅವರನ್ನೇ ಕೇಳು. ಬೇಕೆಂದರೆ ಹೊರಗಿನವನಿಗಿಂತ ಒಂದಿಷ್ಟು ಹೆಚ್ಚು ಕೊಡುವವರು ಅವರೇ, ಗೋಡೆ ಒಡೆದರೆ ಮನೆ ಒಂದಾಗುತ್ತದೆ. ಬೇಡವೆಂದರೂ ಕೇಳಿದ ಗೌರವಕ್ಕೆ ನಾಳೆ ಗಿರಾಕಿ ಬಂದು ಕೇಳಿದಾಗ ಎರಡು ಒಳ್ಳೆಯ ಮಾತಾಡುತ್ತಾರೆ. ಹಳೆಯ ಮನಸ್ತಾಪವೇನಾದರೂ ಇದ್ದರೆ ಅದನ್ನು ಮುಗಿಸಿಕೊಳ್ಳುವ ಕಾಲವೂ ಇದೇ. ನಿನ್ನ ತಕರಾರನ್ನು ಗಿರಾಕಿಯ ತಲೆಗೆ ಕಟ್ಟಲು ನೋಡಬೇಡ, ಅವನಿಗೆ ತಲುಪುವ ಮೊದಲೇ ಸುದ್ದಿ ತಲುಪಿರುತ್ತದೆ.

ಈಗ ಗೋಡೆಗೆ ಬರೋಣ. ನಮ್ಮದು ಎರೆಭೂಮಿ. ಮಳೆಯಲ್ಲಿ ಎರೆಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ನಿಂತ ಗೋಡೆಯೂ ಅದರ ಜೊತೆ ಹೊಯ್ದಾಡುತ್ತದೆ. ಗಿಲಾಯಿಯ ಮೇಲೆ ಕೂದಲೆಳೆಯಂಥ ಗೆರೆಗಳಿದ್ದರೆ ಹೆದರುವುದು ಬೇಡ. ಕಿಟಕಿಯ ಮೂಲೆಯಿಂದ ಓರೆಯಾಗಿ ಎದ್ದು, ಗೋಡೆಯ ಆಚೆ ಮಗ್ಗುಲಲ್ಲೂ ಕಾಣುವ ಸೀಳಿದ್ದರೆ ಅದು ಪಾಯದ ಮಾತು. ಇಂಥ ಸೀಳಿಗೆ ಪುಟ್ಟಿ ತುಂಬಿ ಬಣ್ಣ ಬಳಿಯುವುದು ಮುದುಕ ಮದುವೆಮನೆಗೆ ಹೋಗಲು ಮೀಸೆಗೆ ಕಪ್ಪು ಹಚ್ಚಿಕೊಂಡಂತೆ, ವಯಸ್ಸು ಇನ್ನಷ್ಟು ಎದ್ದು ಕಾಣುತ್ತದೆ. ಕೊಳ್ಳುವವನು ಒಬ್ಬನೇ ಬರುವುದಿಲ್ಲ, ಗೌಂಡಿಯನ್ನು ಕರೆತರುತ್ತಾನೆ. ಗೌಂಡಿ ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡುತ್ತಾನೆ. ಹೊಸ ಪುಟ್ಟಿಯ ಸದ್ದು ಅವನಿಗೆ ಗೊತ್ತು. ಒಂದು ಜಾಗದಲ್ಲಿ ಮಾತ್ರ ಹೊಸ ಬಣ್ಣ ಕಂಡರೆ ಅಲ್ಲೇ ನಿಲ್ಲುತ್ತಾನೆ.

ಅದರ ಬದಲು ನಾನು ಹೇಳುವ ಕೆಲಸ ಮಾಡು. ಸೀಳಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆ. ಮೇಲೊಂದು ತೆಳುವಾದ ಸಿಮೆಂಟ್ ಪಟ್ಟಿ ಬಳಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಗೆರೆ ದಾಟಿಲ್ಲ, ಪಟ್ಟಿ ಬಿರಿದಿಲ್ಲ ಎಂದರೆ ಸೀಳು ಹಳೆಯದು, ಬೆಳೆಯುತ್ತಿಲ್ಲ. ಅದನ್ನೇ ಗೌಂಡಿಗೆ ತೋರಿಸು. ಮುಚ್ಚಿದ ಗೋಡೆಗಿಂತ ತಾರೀಖು ಬರೆದ ಗೋಡೆಗೆ ಅವನು ಹೆಚ್ಚು ಬೆಲೆ ಕಟ್ಟುತ್ತಾನೆ. ಮಣ್ಣಿನ ಮಾಳಿಗೆಯಾದರೆ ಮಳೆಗಿಂತ ಮೊದಲು ಮೇಲೆ ಬೆಳೆದ ಹುಲ್ಲು ಕೀಳಿಸಿ, ಕರಲು ಮಣ್ಣು ಹಾಕಿಸಿ, ನೀರು ಹೋಗುವ ದೋಣಿ ಸ್ವಚ್ಛ ಮಾಡಿಸು. ಜಂತಿಗಳನ್ನು ಬಡಿದು ನೋಡು, ಗೆದ್ದಲು ತಿಂದದ್ದು ಟೊಳ್ಳು ಸದ್ದು ಕೊಡುತ್ತದೆ. ಸಾಗವಾನಿ ತೊಲೆ, ಕಂಬ, ಕೆತ್ತಿದ ಚೌಕಟ್ಟು ಇದ್ದರೆ ಅದಕ್ಕೆ ದಯವಿಟ್ಟು ಆಯಿಲ್ ಪೇಂಟು ಬಳಿಯಬೇಡ. ಒರೆಸಿ ಎಣ್ಣೆ ಹಚ್ಚು. ಬಾಗಲಕೋಟೆ ಮುಳುಗಡೆಯಾದಾಗ ಮಂದಿ ಮನೆ ಬಿಟ್ಟರೂ ಬಾಗಿಲು, ತೊಲೆ ಬಿಚ್ಚಿಕೊಂಡೇ ಹೋದರು. ಈ ಜಿಲ್ಲೆಯಲ್ಲಿ ಕಟ್ಟಿಗೆಯ ಬೆಲೆ ಗೊತ್ತಿಲ್ಲದವರಿಲ್ಲ.

ಮುಳುಗಡೆಯ ಮಾತು ಬಂತು. ಬೇರೆ ಊರಿನಲ್ಲಿ ಮನೆ ನೋಡುವವನು ಮೊದಲು ಅಡುಗೆಮನೆ ಕೇಳಿದರೆ, ನಮ್ಮಲ್ಲಿ ನೀರು ಎಲ್ಲಿವರೆಗೆ ಬರುತ್ತದೆಂದು ಕೇಳುತ್ತಾನೆ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ದಂಡೆ ಮೀರಿದ್ದನ್ನು ಮುಧೋಳ, ಜಮಖಂಡಿ ಕಡೆಯ ಯಾರೂ ಮರೆತಿಲ್ಲ. ನಿನ್ನ ಗೋಡೆಯ ಮೇಲೆ ಆ ನೀರಿನ ಗೆರೆ ಇದ್ದರೆ ಅದನ್ನು ಬಣ್ಣದಿಂದ ಅಳಿಸಿ ಪ್ರಯೋಜನವಿಲ್ಲ, ಇಡೀ ಓಣಿಗೆ ಆ ಗೆರೆಯ ಎತ್ತರ ಬಾಯಿಪಾಠ. "ಮೊಣಕಾಲಮಟ ಬಂದಿತ್ತು, ಎರಡ ದಿನ ಇತ್ತು, ಆಮ್ಯಾಲ ಇಳೀತು" ಎಂದು ಹೇಳಿಬಿಡು. ಆಗ ಬಿದ್ದ ಮನೆಗೆ ಸರ್ಕಾರದ ಪರಿಹಾರ ತೆಗೆದುಕೊಂಡು ಹೊಸದಾಗಿ ಕಟ್ಟಿದ್ದರೆ ಆ ಕಾಗದಗಳನ್ನೂ ಜೊತೆಗಿಡು. ಬೀಳಗಿಯ ಕಡೆ, ಜಮಖಂಡಿಯ ಹಿನ್ನೀರಿನ ಊರುಗಳಲ್ಲಿ ಪ್ರಶ್ನೆ ಇನ್ನೂ ಒಂದು ಹೆಜ್ಜೆ ಮುಂದೆ. ಆಲಮಟ್ಟಿಯಲ್ಲಿ ಈಗ ನಿಲ್ಲಿಸುವ ನೀರು 519.60 ಮೀಟರಿನವರೆಗೆ, ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ. ನಿನ್ನ ಮನೆ ಆ ಮಟ್ಟದೊಳಗೆ ಬರುತ್ತದೆಯೋ, ಸ್ವಾಧೀನದ ನೋಟಿಸು ಬಂದಿದೆಯೋ ಎಂಬುದನ್ನು ಭೂಸ್ವಾಧೀನ ಕಚೇರಿಯಲ್ಲಿ ಮೊದಲೇ ವಿಚಾರಿಸಿ ಬರೆಹದಲ್ಲಿ ತಗೋ. ಪುನರ್ವಸತಿ ಕೇಂದ್ರದ ಮನೆಯಾದರೆ ಹಕ್ಕುಪತ್ರದ ಹಿಂಬದಿಯ ಸಣ್ಣ ಅಕ್ಷರ ಓದು, ಪರಭಾರೆಗೆ ನಿರ್ಬಂಧ ಇರಬಹುದು. ಇದನ್ನು ಮುಚ್ಚಿಟ್ಟು ಮಾರಿದವನು ಹಣದ ಜೊತೆಗೆ ಕೋರ್ಟಿನ ಹಾದಿಯನ್ನೂ ಪಡೆದಂತೆ.

ರಬಕವಿ-ಬನಹಟ್ಟಿಯ ಮನೆಗಳದ್ದು ಬೇರೆಯೇ ಕಥೆ. ಅಲ್ಲಿ ಅರ್ಧ ಮನೆ ಮಗ್ಗದ್ದು. ಕುಣಿಮಗ್ಗ ತೆಗೆದ ಮೇಲೆ ಕುಣಿ ಹಾಗೇ ಬಾಯಿ ತೆರೆದುಕೊಂಡಿರುತ್ತದೆ, ಮೇಲೊಂದು ಹಲಗೆ ಮುಚ್ಚಿ ಚಾಪೆ ಹಾಸಿದರೆ ನೋಡಲು ಬಂದ ಅಜ್ಜಿ ಅದರಲ್ಲೇ ಕಾಲಿಡುತ್ತಾಳೆ. ಮುಚ್ಚುವುದಾದರೆ ಗರಸು ತುಂಬಿ, ನೀರು ಹಾಕಿ ಬಡಿದು, ಸರಿಯಾಗಿ ಫರ್ಸಿ ಹಾಕಿಸು. ಆದರೆ ಮುಚ್ಚುವ ಮೊದಲು ಯೋಚಿಸು: ಕೊಳ್ಳುವವನೂ ನೇಕಾರನಾಗಿದ್ದರೆ ಮಗ್ಗದ ಜಾಗವೇ ಅವನಿಗೆ ಬೇಕಾದದ್ದು. ಪಾವರ್‌ಲೂಮ್ ಇದ್ದ ಮನೆಯಲ್ಲಿ ನೆಲದ ಬೋಲ್ಟು, ಎಣ್ಣೆಯ ಕಲೆ, ಅದುರಿ ಅದುರಿ ಸಡಿಲಾದ ಕಿಟಕಿಯ ಚೌಕಟ್ಟು ನೋಡಿಸು. ಹೆಸ್ಕಾಂ ಮೀಟರು ಯಾರ ಹೆಸರಲ್ಲಿದೆ, ಎಷ್ಟು ಎಚ್‌ಪಿ ಮಂಜೂರು, ಬಾಕಿ ಎಷ್ಟು, ಬಿಲ್ಲುಗಳನ್ನು ಕೈಗೆ ಸಿಗುವಂತೆ ಇಟ್ಟುಕೋ. ಸುತ್ತಲಿನ ಮಗ್ಗಗಳು ನಿಂತ ದಿನ ನೋಡಿ ಮನೆ ತೋರಿಸುವ ಜಾಣತನ ಕೆಲವರಿಗಿದೆ. ಬನಹಟ್ಟಿಯವನಿಗೆ ಆ ಖಟಖಟ ಕೇಳಿಸುವುದೇ ಇಲ್ಲ, ಹೊರಗಿನವನಿಗೆ ಗೃಹಪ್ರವೇಶದ ಮರುದಿನವೇ ಕೇಳಿಸುತ್ತದೆ. ಮಗ್ಗ ನಡೆಯುವಾಗಲೇ ಕರೆ.

ಬೀಗ ಹಾಕಿ ವರ್ಷಗಟ್ಟಲೆ ಬಿಟ್ಟ ಮನೆಯಾದರೆ ನೋಡುವವರನ್ನು ಕರೆಯುವ ಮೊದಲು ಒಂದು ವಾರ ನೀನೇ ಅಲ್ಲಿ ಇರು. ಒಲೆ ಹಚ್ಚು, ಕಸ ಹೊಡೆ, ನಳ ಬಿಡು, ರಾತ್ರಿ ಮಲಗು. ಎಲ್ಲಿ ಹಲ್ಲಿ, ಎಲ್ಲಿ ಪಾರಿವಾಳ, ಯಾವ ಬಾಗಿಲು ಕಿರುಗುಡುತ್ತದೆ, ಯಾವ ಬಚ್ಚಲು ಕಟ್ಟಿಕೊಳ್ಳುತ್ತದೆ ಎಂದು ಮಲಗಿದವನಿಗೆ ಮಾತ್ರ ತಿಳಿಯುತ್ತದೆ. ನಳದ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ ಎಂಬುದಕ್ಕೂ ನಿನ್ನ ಬಳಿ ಉತ್ತರವಿರಬೇಕು. ಆ ಪ್ರಶ್ನೆ ಹೆಣ್ಣುಮಕ್ಕಳಿಂದ ಬರುತ್ತದೆ, ಮತ್ತು ಮನೆ ಕೊಳ್ಳಬೇಕೋ ಬೇಡವೋ ಎಂದು ಕೊನೆಗೆ ತೀರ್ಮಾನಿಸುವವರು ಅವರೇ. ಗಂಡಸು ಪಡಸಾಲೆಯಲ್ಲಿ ಕುಳಿತು ರೇಟಿನ ಮಾತಾಡುವಾಗ ಅವರು ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ಜಾಗ ನೋಡಿ ಬಂದಿರುತ್ತಾರೆ. ಅವರ ಜೊತೆ ಮಾತಾಡಲು ನಿನ್ನ ಹೆಂಡತಿಯೋ ಅಕ್ಕನೋ ಇರಲಿ.

ಹೊತ್ತಿನ ವಿಷಯದಲ್ಲಿ ನನ್ನದು ಸ್ವಲ್ಪ ವಿಚಿತ್ರ ಸಲಹೆ. ದಲಾಲರು ತಂಪು ಹೊತ್ತಿನಲ್ಲಿ ಕರೆಯಿರಿ ಎನ್ನುತ್ತಾರೆ. ಸಿಮೆಂಟಿನ ಆರ್‌ಸಿಸಿ ಮನೆಗೆ ಅದು ಸರಿ. ಎರಡಡಿ ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಮನೆಯನ್ನು ಮಾತ್ರ ಏಪ್ರಿಲ್ ತಿಂಗಳ ನಡುಹಗಲು ತೋರಿಸು. ಹೊರಗೆ ನಲವತ್ತು ಡಿಗ್ರಿ ಬಿಸಿಲಲ್ಲಿ ಬಂದವನು ನಡುಮನೆಯಲ್ಲಿ ಐದು ನಿಮಿಷ ಕುಳಿತರೆ ನೀನೇನೂ ಹೇಳಬೇಕಾಗಿಲ್ಲ. ಫ್ಯಾನು ಹಾಕಬೇಡ. ಅಂಥ ಮನೆಯಲ್ಲಿ ಬೆಳಕು ಕಡಿಮೆ, ಅದಕ್ಕೆ ಬೆಳಕಿಂಡಿಯ ಗಾಜು ತೊಳೆಸಿ, ಜೇಡ ತೆಗೆಸಿ ಇಟ್ಟಿರು.

ಗೋಡೆಯ ಮೇಲಿನ ಫೋಟೊ ತೆಗೆದಿಡಿ, ಯಾರ ಮನೆ ಎಂದು ತಿಳಿಯಬಾರದು ಎನ್ನುವ ಸಲಹೆ ಪೇಟೆಯ ಫ್ಲಾಟುಗಳಿಗೆ ಇರಲಿ. ನಮ್ಮಲ್ಲಿ ಅಜ್ಜನ ಫೋಟೊ ನೋಡಿ, "ಇವರು ಸಾಲಿ ಮಾಸ್ತರ ಅಲ್ಲೇನ್ರಿ?" ಎಂದು ಮಾತು ಶುರುವಾದರೆ ಅರ್ಧ ವ್ಯವಹಾರ ಆದಂತೆಯೇ. ಫೋಟೊ ಇರಲಿ, ಜಗಲಿಯ ಮೇಲೆ ದೇವರಿರಲಿ, ದೀಪ ಹಚ್ಚಿರಲಿ. ತೆಗೆದಿಡಬೇಕಾದದ್ದು ಬಂಗಾರ, ಬ್ಯಾಂಕಿನ ಪಾಸ್‌ಬುಕ್ಕು, ಔಷಧದ ಡಬ್ಬಿ. ಚಹಾ ಕೊಡು, ಚುರುಮುರಿ ಕೊಡು, ಊಟಕ್ಕೆ ಮಾತ್ರ ಕೂಡಿಸಬೇಡ. ಉಂಡವನಿಗೂ ಉಣಿಸಿದವನಿಗೂ ಆಮೇಲೆ ರೇಟಿನ ಮಾತು ನಾಲಿಗೆಗೆ ಬರುವುದಿಲ್ಲ. ಮುಧೋಳದ ಕಡೆ ಮನೆಯಲ್ಲಿ ನಾಯಿ ಸಾಕಿದ್ದರೆ ಅದನ್ನು ಹೊಲಕ್ಕೆ ಕಳಿಸು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ ಎಂಬ ಹೆಮ್ಮೆ ನಿನಗಿರಬಹುದು, ಗೌಂಡಿಗೆ ಅದರ ಹಲ್ಲಷ್ಟೇ ಕಾಣುತ್ತದೆ. ಬಾಡಿಗೆಯವರಿದ್ದರೆ ಹಿಂದಿನ ದಿನ ಹೇಳಿ, ಅವರಿಗೆ ಅನುಕೂಲವಾದ ಹೊತ್ತಿಗೇ ಬಾ. ಅವರು ಮುಖ ಗಂಟಿಕ್ಕಿಕೊಂಡು ತೆರೆದ ಬಾಗಿಲು ಯಾವ ಗಿರಾಕಿಯನ್ನೂ ಒಳಗೆ ಕರೆಯುವುದಿಲ್ಲ.

ಕಾಲವನ್ನೂ ನೋಡಬೇಕು. ಆಷಾಢದಲ್ಲಿ ಬರುವವರು ಸುಮ್ಮನೆ ನೋಡಿ ಹೋಗುವವರು. ನಮ್ಮ ನಾಲ್ಕೂ ತಾಲೂಕಿನಲ್ಲಿ ಹಣ ಓಡಾಡುವುದು ಕಬ್ಬು ನುರಿಯಲು ಶುರುವಾದ ಮೇಲೆ. ಸಕ್ಕರೆ ಕಾರ್ಖಾನೆ ಕಬ್ಬಿನ ಬಿಲ್ಲನ್ನು ಹದಿನಾಲ್ಕು ದಿನದೊಳಗೆ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹೇಳಿದ್ದೆಲ್ಲ ನಡೆದಿದ್ದರೆ ರೈತರು ಯಾಕೆ ರಸ್ತೆಗಿಳಿಯುತ್ತಿದ್ದರು. "ಬಿಲ್ಲ ಬಂದ ಮ್ಯಾಲ ಕೊಡತೇನ್ರಿ" ಎನ್ನುವ ಗಿರಾಕಿ ಸುಳ್ಳುಗಾರನಲ್ಲ, ಆದರೆ ಅವನ ಕೈಯಲ್ಲಿ ದಿನಾಂಕ ಇಲ್ಲ. ಸಂಚಕಾರ ಪತ್ರದಲ್ಲಿ ನೀನೇ ದಿನಾಂಕ ಬರೆಸು, ಆ ದಿನ ದಾಟಿದರೆ ಏನು ಎಂಬುದನ್ನೂ ಬರೆಸು. ಸಂಚಕಾರದ ಹಣ ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಗದಾಗಿ ಮುಟ್ಟಬೇಡ. 2015ರಿಂದ ಆದಾಯ ತೆರಿಗೆ ಕಾಯ್ದೆ ಅದನ್ನು ನಿಷೇಧಿಸಿದೆ, ಮುಟ್ಟಿದಷ್ಟೇ ಮೊತ್ತ ದಂಡ ಬೀಳುತ್ತದೆ. ಚೆಕ್ಕೋ ಬ್ಯಾಂಕಿನ ವರ್ಗಾವಣೆಯೋ ಆಗಲಿ.

ಕೊನೆಗೆ ಒಂದು ಸಣ್ಣ ವಿಷಯ, ಜಗಳ ಬಹಳ ಸಲ ಇಲ್ಲಿಯೇ ಹುಟ್ಟುತ್ತದೆ. ಬೋರಿನ ಮೋಟರು, ಫ್ಯಾನುಗಳು, ನೀರಿನ ಟಾಕಿ, ಕಟ್ಟಿಗೆಯ ಕಪಾಟು, ಇವುಗಳಲ್ಲಿ ಯಾವುದು ಮನೆಯ ಜೊತೆ ಹೋಗುತ್ತದೆ, ಯಾವುದನ್ನು ನೀವು ಒಯ್ಯುತ್ತೀರಿ ಎಂದು ಸಂಚಕಾರ ಪತ್ರದಲ್ಲೇ ಬರೆಸು. ತಲಬಾಗಿಲಿನ ಹಿತ್ತಾಳೆಯ ಸರಪಳಿ, ಅಪ್ಪ ತೂಗುತ್ತ ಕೂರುತ್ತಿದ್ದ ತೂಗುಮಂಚ ನಿನಗೆ ಬೇಕಿದ್ದರೆ ಮೊದಲ ಗಿರಾಕಿ ಹೊಸ್ತಿಲು ದಾಟುವ ಮೊದಲೇ ಬಿಚ್ಚಿ ಸಾಗಿಸಿಬಿಡು. ಅವನು ನೋಡಿ ಹೋದ ಮೇಲೆ ಅದು ನಿನ್ನದಲ್ಲ.